ಹಳೆಯ ಕ್ಯಾಮೆರಾದ ಚರ್ಮದ ಹೊದಿಕೆ: ಶುಚಿಗೊಳಿಸುವ, ಅಂಟಿಸುವ, ಉಳಿಸಿಕೊಳ್ಳುವ ಬಗೆ

ಹಳೆಯ ಕ್ಯಾಮೆರಾದ ಹೊದಿಕೆಗೆ ಎಣ್ಣೆ ಸವರಬೇಡಿ. ಮುಂದೆ ಹೇಳುವುದೆಲ್ಲ ಮರೆತುಹೋದರೂ ಇದೊಂದು ಮಾತು ನೆನಪಿರಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಕ್ಯಾಮೆರಾ ಕೈಗೆ ಬಂದಾಗ, ಒಣಗಿ ಬಣ್ಣಗೆಟ್ಟ ಚರ್ಮವನ್ನು ಕಂಡು ಮರುಕವಾಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅದೂ ಇಲ್ಲದಿದ್ದರೆ ಬೂಟಿನ ಪಾಲಿಶ್, ಮನೆಯಲ್ಲಿ ಏನಿದೆಯೋ ಅದನ್ನು ಕುಡಿಸಿಬಿಡುತ್ತೇವೆ. ಒಂದೆರಡು ದಿನ ಮಿರಮಿರ ಮಿಂಚುತ್ತದೆ, ನಿಜ. ಆದರೆ ಎಣ್ಣೆ ಚರ್ಮದಲ್ಲಿ ಇಳಿಯುತ್ತಾ ಹೋಗಿ ಕೆಳಗಿನ ಅಂಟನ್ನು ಸಡಿಲಿಸುತ್ತದೆ. ಮೇಲೆ ಉಳಿದದ್ದು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕ್ರಮೇಣ ಕಮಟು ಹಿಡಿದು ಜಿಗುಟಾಗುತ್ತದೆ. ಮಳೆಗಾಲ ಬಂದರೆ ಬೂಷ್ಟಿಗೆ ಅದೇ ಆಹಾರ.

ಚಪ್ಪಲಿ, ಬೆಲ್ಟು, ಕುದುರೆಯ ಜೀನು ಇವೆಲ್ಲ ಬಾಗಬೇಕು, ಅದಕ್ಕೆ ಮೃದುವಾಗಿರಬೇಕು. ಕ್ಯಾಮೆರಾದ ಚರ್ಮಕ್ಕೆ ಬಾಗುವ ಕೆಲಸವೇ ಇಲ್ಲ. ಲೋಹಕ್ಕೆ ಅಂಟಿಕೊಂಡು ಅಲುಗದೆ ಕೂತಿದ್ದರೆ ಅದರ ಕೆಲಸ ಮುಗಿಯಿತು. ಹಾಗಾಗಿ ಚರ್ಮದ ಆರೈಕೆಯ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ತಿಳಿವಳಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದಷ್ಟು ಕಡಿಮೆ ಮಾಡಿ, ಮಾಡಿದ್ದನ್ನು ಮುಂದೊಂದು ದಿನ ಬಿಡಿಸುವಂತಿರಲಿ. ಕೆಳಗಿನ ಸಲಹೆಗಳೆಲ್ಲ ಈ ಎರಡು ನಿಯಮಗಳಿಂದಲೇ ಹುಟ್ಟಿದವು.

ಅದು ನಿಜಕ್ಕೂ ಚರ್ಮವೇ?

ಕಪ್ಪಗೆ, ಸುಕ್ಕುಗೆರೆಗಳಿಂದ ಕೂಡಿದ್ದೆಲ್ಲ ಚರ್ಮವಲ್ಲ. ಹಳೆಯ ಕ್ಯಾಮೆರಾಗಳ ಮೇಲೆ ಮುಖ್ಯವಾಗಿ ಮೂರು ಬಗೆಯ ಹೊದಿಕೆಗಳು ಕಾಣಸಿಗುತ್ತವೆ. ಒಂದಕ್ಕೆ ಒಗ್ಗುವ ಉಪಚಾರ ಇನ್ನೊಂದನ್ನು ಹಾಳುಮಾಡುತ್ತದೆ.

ಮೊದಲನೆಯದು ಹದ ಮಾಡಿದ ನಿಜವಾದ ಚರ್ಮ. ಇಪ್ಪತ್ತನೆಯ ಶತಮಾನದ ಆರಂಭದ ಒಳ್ಳೆಯ ದರ್ಜೆಯ ಮಡಿಸುವ ಕ್ಯಾಮೆರಾಗಳು, ಹಳೆಯ ರೋಲೈಫ್ಲೆಕ್ಸ್, ಝೈಸ್ ಐಕಾನ್ ಕಂಪನಿಯ ಸೂಪರ್ ಐಕೊಂಟಾ, 1953ರಲ್ಲಿ ಬಂದ ಕಾಂಟಾಫ್ಲೆಕ್ಸ್ ಮುಂತಾದವುಗಳಲ್ಲಿ ಇದನ್ನು ನೋಡಬಹುದು. ಎರಡನೆಯದು ನಾವು ರೆಕ್ಸಿನ್ ಎನ್ನುವ ಜಾತಿಯದು. ಬಟ್ಟೆ ಅಥವಾ ಕಾಗದದ ಮೇಲೆ ನೈಟ್ರೋಸೆಲ್ಯುಲೋಸ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಲೇಪ ಬಳಿದು ಅಚ್ಚೊತ್ತಿದ್ದು ಹಳೆಯ ಬಗೆ, ಪಿವಿಸಿ ಹಾಳೆ ಆಮೇಲಿನ ಬಗೆ. ಯಾಶಿಕಾ, ಪೆಂಟಾಕ್ಸ್, ಕ್ಯಾನನ್, ನಿಕಾನ್ ಕಂಪನಿಗಳ 1960ರ ನಂತರದ ಕ್ಯಾಮೆರಾಗಳಲ್ಲಿ ಬಹುಪಾಲು ಈ ಜಾತಿಯವೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್‌ ಮೇಲಿರುವುದೂ ಚರ್ಮವಲ್ಲ. ಮೂರನೆಯದು ವಲ್ಕನೈಟ್. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ಈ ವಸ್ತು ಹಳೆಯ ಲೈಕಾಗಳ ಮೇಲಿದೆ, 1954ರ ಎಂ-3 ಮಾದರಿಯ ಮೇಲೂ ಇದೆ.

ಗುರುತಿಸುವುದು ಕಷ್ಟವಲ್ಲ. ಅಂಚು ಎಲ್ಲಾದರೂ ಎದ್ದಿರುವ ಕಡೆ ಭೂತಗನ್ನಡಿ ಹಿಡಿದು ನೋಡಿ. ಚರ್ಮವಾದರೆ ಅಡ್ಡಕೊಯ್ತದಲ್ಲಿ ನವಿರಾದ ಕಂದು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ರೆಕ್ಸಿನ್ ಆದರೆ ಕೆಳಗೆ ನೆಯ್ದ ಬಟ್ಟೆಯ ಅಡ್ಡ ಉದ್ದದ ದಾರ ಅಥವಾ ಕಾಗದ ಕಾಣುತ್ತದೆ, ಪಿವಿಸಿಯಾದರೆ ಒಂದೇ ಸಮನಾದ ಪ್ಲಾಸ್ಟಿಕ್ ಪದರ. ವಲ್ಕನೈಟ್ ಏಳುವುದೇ ಇಲ್ಲ, ಚಕ್ಕೆಯಾಗಿ ಸಿಡಿಯುತ್ತದೆ. ಚಕ್ಕೆ ಹಾರಿದ ಕಡೆ ಒಳಗೂ ಅದೇ ಕಪ್ಪು. ಎಳೆಯೊಂದನ್ನು ಕಿತ್ತು ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೈಟ್ರೋಸೆಲ್ಯುಲೋಸ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಕಣ್ಣಿನಿಂದ ತಿಳಿಯುವುದಕ್ಕೆ ಬೆಂಕಿ ಬೇಕಾಗಿಲ್ಲ.

ಕೈಗೆ ಬೇಕಾದ ಸಾಮಾನು

ಬಹುತೇಕ ಎಲ್ಲವೂ ಮೆಡಿಕಲ್ ಅಂಗಡಿಯಲ್ಲೂ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲೂ ಸಿಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್, ಡಿಸ್ಟಿಲ್ಡ್ ವಾಟರ್, ಮಕ್ಕಳ ಶಾಂಪೂ, ಕಿವಿಗೆ ಬಳಸುವ ಹತ್ತಿಕಡ್ಡಿ, ಮೆದುವಾದ ಹಲ್ಲುಜ್ಜುವ ಬ್ರಷ್, ಒಂದು ಒಳ್ಳೆಯ ಬಣ್ಣದ ಕುಂಚ, ಬಿದಿರಿನ ಕಡ್ಡಿ, ಚಿಮುಟ, ಮೊಬೈಲ್ ಬಿಚ್ಚಲು ಬಳಸುವ ತೆಳುವಾದ ಉಕ್ಕಿನ ಪಟ್ಟಿ, ಮಾಸ್ಕಿಂಗ್ ಟೇಪು, ಎನ್-95 ಮುಖಗವಸು. ಮುಗಿಸುವ ಹಂತಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣ ಬೇಕು. ಇವುಗಳಲ್ಲಿ ಹೆಸರುವಾಸಿಯಾದ ರೆನೇಸಾನ್ಸ್ ವ್ಯಾಕ್ಸ್ ಮೂಲತಃ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಒಂದು ಪುಟ್ಟ ಡಬ್ಬಿ ವರ್ಷಾನುಗಟ್ಟಲೆ ಬರುತ್ತದೆ. ಅಸಿಟೋನ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವುಗಳನ್ನು ಮೇಜಿನ ಹತ್ತಿರವೂ ತರಬೇಡಿ. ರೆಕ್ಸಿನ್ ಕರಗುತ್ತದೆ, ಚರ್ಮದ ಬಣ್ಣ ಎದ್ದುಬರುತ್ತದೆ, ಕ್ಯಾಮೆರಾದ ಕಪ್ಪು ಪೇಂಟೂ ಹೋಗುತ್ತದೆ.

ಶುಚಿಗೊಳಿಸುವುದು

ಎಲ್ಲ ಬದಿಗಳ ಫೋಟೊ ತೆಗೆದಿಟ್ಟುಕೊಂಡು ಕೆಲಸ ಶುರುಮಾಡಿ. ಲೆನ್ಸಿಗೆ ಮುಚ್ಚಳ ಹಾಕಿ. ಶಟರ್ ಬಟನ್, ಸ್ಕ್ರೂ ತಲೆ, ವ್ಯೂಫೈಂಡರಿನ ಗಾಜು, ಹಿಂಬಾಗಿಲಿನ ಸಂದು ಇವುಗಳ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ. ಕುಂಚದಿಂದ ಒಣ ದೂಳನ್ನು ಪೂರ್ತಿ ತೆಗೆದ ಮೇಲೆ ಮಾತ್ರ ತೇವದ ಮಾತು. ದೂಳಿರುವಾಗಲೇ ಒದ್ದೆ ಬಟ್ಟೆ ಆಡಿಸಿದರೆ ಅದು ಕೆಸರಾಗಿ ಸುಕ್ಕುಗೆರೆಗಳೊಳಗೆ ಹೊಕ್ಕು ಕೂರುತ್ತದೆ.

ಇನ್ನೊಂದನ್ನು ಈಗಲೇ ನೋಡಿಕೊಳ್ಳಬೇಕು. ಕುಂಚ ಆಡಿಸಿದಾಗ ಕೆಂಗಂದು ಪುಡಿ ಉದುರುತ್ತಿದೆಯೇ, ಬೆರಳಿಗೆ ಇಟ್ಟಿಗೆ ಬಣ್ಣ ಮೆತ್ತುತ್ತಿದೆಯೇ? ತೊಗಟೆಯಿಂದ ಹದ ಮಾಡಿದ ಚರ್ಮ ಗಾಳಿಯಲ್ಲಿನ ಗಂಧಕದ ಹೊಗೆಗೆ ದಶಕಗಳ ಕಾಲ ಸಿಕ್ಕು ಆಮ್ಲೀಯವಾಗಿ ಶಿಥಿಲವಾದಾಗ ಹೀಗಾಗುತ್ತದೆ. ಹಳೆಯ ಪುಸ್ತಕಗಳ ಚರ್ಮದ ರಟ್ಟುಗಳಿಗೂ ಇದೇ ರೋಗ. ಇದಕ್ಕೆ ನೀರು ತಾಗಿಸಿದರೆ ಕಪ್ಪಾಗಿ ಸೆಟೆದುಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಹಾಳಾದ ಎಳೆಗಳಿಗೆ ಜೀವ ಬರಿಸುವ ಔಷಧಿ ಯಾವುದೂ ಇಲ್ಲ. ಉಳಿದದ್ದನ್ನು ಹಿಡಿದು ನಿಲ್ಲಿಸಬಹುದು ಅಷ್ಟೆ. ಪುಸ್ತಕ ಸಂರಕ್ಷಕರು ಬಳಸುವ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಪುಡಿಯನ್ನು ಆಲ್ಕೋಹಾಲಿನಲ್ಲಿ ತೆಳುವಾಗಿ ಕರಗಿಸಿ, ಕುಂಚದಿಂದ ಸವರಿ, ಪೂರ್ತಿ ಒಣಗಲು ಬಿಡಿ. ಪುಡಿ ಉದುರುವುದು ನಿಲ್ಲುತ್ತದೆ. ಆ ಮೇಲೆ ಮೇಣದ ತೆಳು ಲೇಪ ಸಾಕು.

ಚರ್ಮ ಗಟ್ಟಿಯಾಗಿದ್ದರೆ, ಬಾಗಿಲಿನ ಕೆಳಭಾಗದಂಥ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಹತ್ತಿಕಡ್ಡಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹಿಂಡಿ, ಒಂದು ಸಲ ಉರುಳಿಸಿ. ಹತ್ತಿಗೆ ಬೂದು ಅಥವಾ ಮಾಸಲು ಕಂದು ಹತ್ತಿದರೆ ಅದು ಕೊಳೆ. ಕಡುಗಪ್ಪು ಹತ್ತಿದರೆ ಅದು ಚರ್ಮದ ಬಣ್ಣ, ಅಲ್ಲಿಗೇ ನಿಲ್ಲಿಸಿ, ಒಣ ಬಟ್ಟೆಯಲ್ಲೇ ಕೆಲಸ ಮುಗಿಸಿ. ಪರೀಕ್ಷೆಯಲ್ಲಿ ಪಾರಾದ ಚರ್ಮಕ್ಕೆ ಒಂದು ಲೋಟ ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಶಾಂಪೂ ಸಾಕು. ಬಟ್ಟೆಯನ್ನು ಅದ್ದಿ, ಮುಟ್ಟಿದರೆ ತಂಪು ಅನಿಸಬೇಕು, ಒದ್ದೆ ಅನಿಸಬಾರದು ಎನ್ನುವಷ್ಟು ಬಿಗಿಯಾಗಿ ಹಿಂಡಿ. ಅಂಗೈಯಗಲದ ಜಾಗವನ್ನು ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಆ ಕೂಡಲೇ ಒಣಬಟ್ಟೆ ಒತ್ತಿ. ಆಮೇಲೆ ಪಕ್ಕದ ಜಾಗ. ಜೀನಿಗೆ ಬಳಸುವ ಸೋಪು ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಅದು ಕ್ಷಾರೀಯ. ಚರ್ಮ ಸಹಜವಾಗಿ ಆಮ್ಲೀಯ. ಹಳೆಯ ಚರ್ಮಕ್ಕೆ ಅದು ಒಗ್ಗುವುದಿಲ್ಲ.

ಪಿವಿಸಿ ಹೊದಿಕೆಯ ಮೇಲೆ ಇಷ್ಟು ಅಳುಕು ಬೇಡ. ಅದೇ ಶಾಂಪೂ ನೀರಿನಲ್ಲಿ ಬ್ರಷ್ ಅದ್ದಿ, ಕೊಡವಿ, ಸುಕ್ಕುಗೆರೆಗಳ ದಿಕ್ಕಿನಲ್ಲೂ ಅಡ್ಡಲಾಗಿಯೂ ಉಜ್ಜಬಹುದು. ಎಷ್ಟೋ ಕೈಗಳ ಬೆವರು, ಜಿಡ್ಡು ಎದ್ದುಬರುವುದನ್ನು ನೋಡುವುದೇ ಒಂದು ತೃಪ್ತಿ. ಮೇಲ್ಮೈ ಜಿಗುಟಾಗಿದ್ದರೆ ಒಳಗಿನ ಮೃದುಕಾರಕ ರಾಸಾಯನಿಕ ಹೊರಗೆ ಜಿನುಗಿದೆ ಎಂದು ಅರ್ಥ. ಅರ್ಧ ನೀರು ಅರ್ಧ ಐಸೊಪ್ರೊಪೈಲ್ ಬೆರೆಸಿ ಒಮ್ಮೆ ಒರೆಸಿದರೆ ಹೋಗುತ್ತದೆ. ನೈಟ್ರೋಸೆಲ್ಯುಲೋಸ್ ಬಗೆಯ ಹಳೆಯ ರೆಕ್ಸಿನ್ ಮೇಲೆ ಮಾತ್ರ ಆಲ್ಕೋಹಾಲ್ ಬೇಡ, ಹೊಳಪು ಸತ್ತುಹೋಗಬಹುದು. ವಲ್ಕನೈಟಿಗೆ ಒಣ ಬಟ್ಟೆ, ತಪ್ಪಿದರೆ ತುಸು ತೇವದ ಬಟ್ಟೆ. ಬೆಳಕು, ತೇವ ಎರಡೂ ಸೇರಿದರೆ ಗಂಧಕ ಆಮ್ಲವಾಗಿ ಅದು ಕಂದಾಗುತ್ತದೆ. ಹಾಗಾಗಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಲೈಕಾ ಇಡುವುದು ತರವಲ್ಲ.

ಬಿಳಿ ಪುಡಿ ಎಲ್ಲವೂ ಬೂಷ್ಟಲ್ಲ

ಮಲೆನಾಡು, ಕೊಡಗು, ಕರಾವಳಿಯಲ್ಲಿ ಆಷಾಢ, ಶ್ರಾವಣ ಕಳೆದ ಮೇಲೆ ಕ್ಯಾಮೆರಾ ತೆಗೆದರೆ ಚರ್ಮದ ಮೇಲೆ ಬೆಳ್ಳಗೆ ಕಾಣುವುದು ಮಾಮೂಲು. ಅದು ಎರಡು ಬೇರೆ ಬೇರೆ ವಸ್ತುಗಳಲ್ಲಿ ಒಂದಾಗಿರಬಹುದು: ಬೂಷ್ಟು, ಇಲ್ಲವೇ ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದ್ದು. ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯನ್ನು ದೂರದಿಂದ ಕೆಲವು ಸೆಕೆಂಡು ಬಿಡಿ. ಬಿಳುಪು ಕರಗಿ ಮಾಯವಾದರೆ ಕೊಬ್ಬು, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಆಯಿತು. ಹಾಗೇ ಉಳಿದರೆ, ಹತ್ತಿರದಿಂದ ನೋಡಿದಾಗ ಕೂದಲೆಳೆಯಂಥ ನವಿರು ಕಂಡರೆ, ಅದು ಬೂಷ್ಟು.

ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಬೀಜಕಣಗಳು ಕಪಾಟಿನ ಉಳಿದ ಕ್ಯಾಮೆರಾಗಳ ಲೆನ್ಸಿನ ಮೇಲೆ ಇಳಿಯುತ್ತವೆ. ಮುಖಗವಸು ಹಾಕಿ, ಅಂಗಳದಲ್ಲಿ ಅಥವಾ ತಾರಸಿಯಲ್ಲಿ ಕುಂಚದಿಂದ ತೆಗೆಯಿರಿ. ಬಣ್ಣ ಬಿಡುವುದಿಲ್ಲವೆಂದು ಪರೀಕ್ಷಿಸಿದ ಮೇಲೆ ಶೇಕಡ 70ರ ಐಸೊಪ್ರೊಪೈಲ್ ಹಚ್ಚಿದ ಹತ್ತಿಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಆರಲು ಬಿಡಿ. ಬಿಸಿಲಿಗೆ ಇಡಬಾರದು. ಶಿಥಿಲವಾದ ಚರ್ಮ ತೇವವಿರುವಾಗ ಬಿಸಿ ತಗುಲಿದರೆ ಕುಗ್ಗುತ್ತದೆ, ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ.

ಉಬ್ಬುಗಳು: ಚರ್ಮದಡಿಯ ಕಿಲುಬು

ಝೈಸ್ ಐಕಾನ್ ಕ್ಯಾಮೆರಾಗಳನ್ನು ಪ್ರೀತಿಸುವವರೆಲ್ಲ ಇದನ್ನು ಬಲ್ಲರು. ಚರ್ಮದ ಮೇಲೆ ಅಲ್ಲಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತವೆ. ಪ್ರಪಂಚದಾದ್ಯಂತ ಸಂಗ್ರಾಹಕರು ಇವನ್ನು ಝೈಸ್ ಉಬ್ಬು ಎಂದೇ ಕರೆಯುತ್ತಾರೆ, ಆದರೆ ಹಿತ್ತಾಳೆ ರಿವೆಟ್ (ಲೋಹದ ಭಾಗಗಳನ್ನು ಬೆಸೆಯುವ ಗುಂಡುತಲೆಯ ಮೊಳೆ) ಮೇಲೆ ಚರ್ಮ ಅಂಟಿಸಿದ ಯಾವ ಕ್ಯಾಮೆರಾಕ್ಕೂ ಇವು ಬರಬಹುದು. ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಹಿಡಿಯುವ ಅದೇ ಕಿಲುಬು. ಚರ್ಮದೊಳಗಿನ ಕೊಬ್ಬಿನಾಮ್ಲ ಹಿತ್ತಾಳೆಯಲ್ಲಿನ ತಾಮ್ರದೊಂದಿಗೆ ಕೂಡಿ ಹಸಿರು ಲವಣವಾಗುತ್ತದೆ, ಅದು ಬೆಳೆಯುತ್ತಾ ಚರ್ಮವನ್ನು ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಹಚ್ಚಬೇಡಿ ಎಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಎಣ್ಣೆ ಹಾಕಿದಷ್ಟೂ ಕಿಲುಬಿಗೆ ಮೇವು ಹಾಕಿದಂತೆ.

ಮೇಲಿಂದ ಒತ್ತಿದರೆ ಉಬ್ಬು ಹೋಗುವುದಿಲ್ಲ, ಚರ್ಮ ತೂತಾಗುತ್ತದೆ. ಚರ್ಮವನ್ನು ಎಬ್ಬಿಸಿ, ಕೆಳಗಿನದನ್ನು ತೆಗೆದು, ಮತ್ತೆ ಅಂಟಿಸುವುದೊಂದೇ ದಾರಿ. ಬಿಡುವಿರುವ ದಿನ ಮಾಡಿ, ಏಕೆಂದರೆ ಇಲ್ಲಿ ಎಲ್ಲವೂ ತಾಳ್ಮೆಯ ಮೇಲೆ ನಿಂತಿದೆ.

1. ಉಬ್ಬಿಗೆ ಹತ್ತಿರದ ಅಂಚನ್ನು ಆರಿಸಿಕೊಳ್ಳಿ. ಕ್ಯಾಮೆರಾವನ್ನು ಆ ಅಂಚು ಕೆಳಗೆ ಬರುವಂತೆ ಓರೆಯಾಗಿ ಹಿಡಿಯಿರಿ, ದ್ರವ ಶಟರಿನ ಕಡೆ ಹರಿಯಬಾರದು. ಹಳೆಯ ಕ್ಯಾಮೆರಾಗಳಲ್ಲಿ ಅಂಟು ಸಾಮಾನ್ಯವಾಗಿ ಅರಗು, ಅದು ಆಲ್ಕೋಹಾಲಿಗೆ ಮೆದುವಾಗುತ್ತದೆ. ಹತ್ತಿಕಡ್ಡಿಯಿಂದ ಅಂಚಿನ ಸಂದಿಗೆ ಐಸೊಪ್ರೊಪೈಲ್ ತಾಗಿಸಿ ಕೆಲವು ನಿಮಿಷ ಕಾಯಿರಿ.

2. ತೆಳು ಉಕ್ಕಿನ ಪಟ್ಟಿಯನ್ನು ಲೋಹಕ್ಕೆ ಒರಗಿಸಿ, ಮಲಗಿಸಿದ ಹಾಗೆ ಒಳಗೆ ಸರಿಸಿ. ತುದಿ ಯಾವಾಗಲೂ ಲೋಹದ ಕಡೆಗಿರಲಿ. ತಡೆದಲ್ಲಿ ಒತ್ತದೆ, ಇನ್ನೊಂದು ಹನಿ ಬಿಟ್ಟು ಕಾಯಿರಿ. ಚರ್ಮವನ್ನು ಕೈಯಿಂದ ಎಳೆಯಬೇಡಿ, ಹಿಗ್ಗಿ ಆಕಾರ ಕೆಡುತ್ತದೆ. ಇಡೀ ಹಾಳೆ ಬಿಡಿಸಬೇಕೆಂದಿಲ್ಲ, ರಿವೆಟ್ ಕಾಣುವಷ್ಟು ಎದ್ದರೆ ಸಾಕು.

3. ಈಗ ಹಸಿರು ಕಾಣುತ್ತದೆ, ಕೆಲವೊಮ್ಮೆ ಮೇಣದಂತೆ ಮೆತ್ತಗೆ, ಕೆಲವೊಮ್ಮೆ ಗಟ್ಟಿ ಹರಳು. ತಾಮ್ರದ ಲವಣ ವಿಷಕಾರಿ, ಕೈಗವಸು ಹಾಕಿ, ಒಣಗಿದ್ದಾಗ ಕೆರೆದು ಪುಡಿ ಹಾರಿಸಬೇಡಿ. ಐಸೊಪ್ರೊಪೈಲಿನಲ್ಲಿ ತೇವ ಮಾಡಿದ ಬಿದಿರುಕಡ್ಡಿಯಿಂದ ಎಬ್ಬಿಸಿ ಹತ್ತಿಯಲ್ಲಿ ಒರೆಸಿ. ಅಂಟಿಕೊಂಡ ಉಳಿಕೆಗೆ ಬಿಳಿ ವಿನೆಗರ್ ತಾಗಿಸಿದ ಹತ್ತಿಕಡ್ಡಿ ಸಾಕು. ವಿನೆಗರ್ ರಿವೆಟ್ ತಲೆಯನ್ನಷ್ಟೇ ಮುಟ್ಟಬೇಕು, ಚರ್ಮವನ್ನಲ್ಲ. ಆಮೇಲೆ ನೀರಿನ ಹತ್ತಿಕಡ್ಡಿ, ಕೊನೆಗೆ ಐಸೊಪ್ರೊಪೈಲ್.

4. ಚರ್ಮದ ಹಿಂಬದಿಯಲ್ಲೂ ಹಸಿರು ಕಲೆ ಇರುತ್ತದೆ. ಅಲ್ಲಿ ಒಂದು ಸಣ್ಣ ಗುಂಡಿ ಬಿದ್ದಿರುವುದೂ ಉಂಟು. ಬ್ಲೇಡಿನ ಅಂಚನ್ನು ನೇರವಾಗಿ ಹಿಡಿದು, ಒತ್ತದೆ, ಮೇಲುಮೇಲೆ ಕೆರೆಯಿರಿ.

5. ಹೊಳೆಯುವ ಹಿತ್ತಾಳೆ ಕಾಣುತ್ತಿದ್ದಂತೆ ಅದನ್ನು ಮುಚ್ಚಬೇಕು. ಬಣ್ಣವಿಲ್ಲದ ಉಗುರುಬಣ್ಣವನ್ನು ಎರಡು ತೆಳು ಪದರ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಈ ಹೆಜ್ಜೆಯನ್ನು ಬಿಟ್ಟರೆ ಕಿಲುಬು ಮತ್ತೆ ಬರುತ್ತದೆ.

ಹಳೆಯ ಅಂಟಿನ ಚಕ್ಕೆಗಳು ಉಳಿದಿದ್ದರೆ ಅವೇ ಹೊಸ ಉಬ್ಬುಗಳಾಗಿ ಕಾಣುತ್ತವೆ. ಲೋಹ, ಚರ್ಮ ಎರಡನ್ನೂ ಬೆರಳಿಂದ ಸವರಿ ನೋಡಿ, ನಯವಾಗುವವರೆಗೆ ಬಿಡಬೇಡಿ.

ಯಾವ ಅಂಟು?

ಫೆವಿಕ್ವಿಕ್ ಜಾತಿಯ ಅಂಟು ಖಂಡಿತ ಬೇಡ. ಒಣಗುವಾಗ ಏಳುವ ಆವಿ ಸುತ್ತಲಿನ ಗಾಜು, ಲೋಹದ ಮೇಲೆ ಬೆಳ್ಳನೆ ಮಬ್ಬಾಗಿ ಕೂರುತ್ತದೆ. ಚರ್ಮದೊಳಕ್ಕೆ ಹೀರಿಕೊಂಡು ಅದನ್ನು ಸೆಟೆಸುತ್ತದೆ. ಮುಂದೆ ಯಾರಾದರೂ ರಿಪೇರಿಗೆ ಬಿಚ್ಚಬೇಕಾದರೆ ಚರ್ಮ ಚೂರುಚೂರಾಗುತ್ತದೆ. ರೋಲೈಫ್ಲೆಕ್ಸಿನ ಮುಂಫಲಕವನ್ನು ಬಿಚ್ಚುವ ಸ್ಕ್ರೂಗಳು ಇರುವುದೇ ಚರ್ಮದಡಿ ಎಂಬುದನ್ನು ಮರೆಯಬಾರದು. ಯಾಶಿಕಾ ಮ್ಯಾಟ್ ಕೂಡ ಹಾಗೆಯೇ. ಮರಕ್ಕೆ ಬಳಸುವ ಬಿಳಿ ಅಂಟು ನೀರಿನದು, ಚರ್ಮವನ್ನು ನೆನೆಸುತ್ತದೆ, ಜೊತೆಗೆ ಅದರಿಂದ ಹೊರಡುವ ಅಸಿಟಿಕ್ ಆಮ್ಲ ಹಿತ್ತಾಳೆಗೆ ಹಿತವಲ್ಲ.

ನಿಜವಾದ ಚರ್ಮಕ್ಕೆ ನನ್ನ ಆಯ್ಕೆ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ, ಹೊಳಪು ಕೊಡುವ ಅದೇ ಅರಗು. ಮರದ ಪಾಲಿಶ್ ಸಾಮಾನು ಮಾರುವ ಅಂಗಡಿಗಳಲ್ಲಿ ಚಕ್ಕೆಯ ರೂಪದಲ್ಲಿ ಸಿಗುತ್ತದೆ. ಒಂದು ಪಾಲು ಚಕ್ಕೆಗೆ ಎರಡು ಪಾಲು ತೂಕದ ಸ್ಪಿರಿಟ್ ಹಾಕಿ ಮುಚ್ಚಿಟ್ಟರೆ ಒಂದೆರಡು ದಿನದಲ್ಲಿ ಗಟ್ಟಿ ಪಾಕವಾಗುತ್ತದೆ. ಲೋಹಕ್ಕೆ ತೆಳುವಾಗಿ ಬಳಿದು, ಬೆರಳಿಗೆ ಅಂಟುವಷ್ಟು ಆರಿದಾಗ ಚರ್ಮವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತುತ್ತಾ ಕೂರಿಸಿ. ಜರುಗಿಸಿ ಸರಿಪಡಿಸಲು ಸ್ವಲ್ಪ ಸಮಯ ಸಿಗುತ್ತದೆ, ಮುಂದೆಂದಾದರೂ ಬಿಡಿಸಬೇಕಾದರೆ ಆಲ್ಕೋಹಾಲ್ ಸಾಕು. ಕರಗಿಸಿಟ್ಟ ಅರಗು ಆರು ತಿಂಗಳು ಮೀರಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಪಿವಿಸಿ ಹೊದಿಕೆಗೆ ಪಾದರಕ್ಷೆಯವರು ಬಳಸುವ ಸಿಂಥೆಟಿಕ್ ರಬ್ಬರ್ ಅಂಟು ಒಳ್ಳೆಯದು. ಎರಡೂ ಮೈಗೆ ತೆಳುವಾಗಿ ಬಳಿದು, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಒತ್ತಬೇಕು. ಒಮ್ಮೆ ತಾಗಿದರೆ ಜರುಗುವುದಿಲ್ಲ, ಮೊದಲ ಸಲವೇ ಗುರಿ ಸರಿಯಿರಬೇಕು. ಎರಡೂ ಅಂಟುಗಳಿಗೆ ಬೆಂಕಿ ಆಗದು, ಕಿಟಕಿ ತೆರೆದಿರಲಿ.

ಒತ್ತಿದ ಮೇಲೆ ಬೆಣ್ಣೆಕಾಗದ ಹೊದಿಸಿ, ಮೇಲೊಂದು ಮೆತ್ತನೆ ಬಟ್ಟೆ ಇಟ್ಟು, ಅಗಲವಾದ ರಬ್ಬರ್ ಬ್ಯಾಂಡ್ ಅಥವಾ ಬಟ್ಟೆಪಟ್ಟಿ ಸುತ್ತಿ ಮರುದಿನದವರೆಗೆ ಬಿಡಿ. ಹೊರಗೆ ಒಸರಿದ ಅರಗನ್ನು ಅದು ಗಟ್ಟಿಯಾಗುವ ಮೊದಲೇ ಐಸೊಪ್ರೊಪೈಲ್ ತಾಗಿಸಿದ ಹತ್ತಿಯಿಂದ ತೆಗೆಯಿರಿ.

ಹಳೆಯ ಚರ್ಮ ಕುಗ್ಗಿರುತ್ತದೆ, ಅಂಚಿನಲ್ಲಿ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಲೋಹ ಕಾಣುವುದು ಸಹಜ. ಎಳೆದು ಮುಚ್ಚುವ ಆಸೆ ಬೇಡ. ಆ ಗೆರೆಗೆ ಕಪ್ಪು ಬಣ್ಣ ಕೊಟ್ಟರೆ ಕಣ್ಣಿಗೆ ಕಾಣುವುದೇ ಇಲ್ಲ.

ತರಚು, ಕಳೆದುಹೋದ ತುಂಡು

ತರಚಿದ ಜಾಗಕ್ಕೆ ಚರ್ಮಕ್ಕಾಗಿಯೇ ಸಿಗುವ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನ ಚೂರಿನಿಂದ ತಟ್ಟಿ, ಸುತ್ತಲಿನ ಗಟ್ಟಿ ಚರ್ಮದ ಮೇಲಿನದನ್ನು ಕೂಡಲೇ ಒರೆಸಿಬಿಡಿ. ಬೇಕಾದ ಜಾಗದಲ್ಲಷ್ಟೇ ಉಳಿಯುತ್ತದೆ. ಅಚ್ಚಗಪ್ಪು ಹಳೆಯ ಕಪ್ಪಿಗೆ ಹೊಂದುವುದಿಲ್ಲ, ಚೂರು ಕಂದು ಬೆರೆಸಿ. ವಲ್ಕನೈಟಿನ ಚಕ್ಕೆ ಹಾರಿದ ಕಡೆ ಕಪ್ಪು ಎಪಾಕ್ಸಿ ಪುಟ್ಟಿ ತುಂಬಿ, ಮೆತ್ತಗಿರುವಾಗಲೇ ಪಕ್ಕದ ಉಬ್ಬುತಗ್ಗನ್ನು ಹೋಲುವಂತೆ ಸೂಜಿಮೊನೆಯಿಂದ ಚುಚ್ಚಬಹುದು. ಸಣ್ಣ ಚಕ್ಕೆಯಾದರೆ ನಾನಂತೂ ಹಾಗೇ ಬಿಡುತ್ತೇನೆ. ಎಷ್ಟೋ ವರ್ಷ ಯಾರದೋ ಬೆರಳು ಹಿಡಿದು ಸವೆದ ಮೂಲೆಯಲ್ಲಿ ಆ ಕ್ಯಾಮೆರಾ ಮಾಡಿದ ಕೆಲಸದ ಗುರುತಿದೆ, ಅದನ್ನು ಅಳಿಸಲು ಮನಸ್ಸು ಬರುವುದಿಲ್ಲ.

ಪೂರ್ತಿ ಹಾಳಾಗಿದ್ದರೆ ಮಾತ್ರ ಹೊಸ ಹೊದಿಕೆಯ ಯೋಚನೆ ಮಾಡಿ. ಹೆಸರಾಂತ ಮಾದರಿಗಳಿಗೆ ಅಳತೆಗೆ ಕತ್ತರಿಸಿದ ಹೊದಿಕೆಗಳು ಮಾರಾಟಕ್ಕಿವೆ. ನೀವೇ ಕತ್ತರಿಸುವುದಾದರೆ ಮೇಕೆ ಚರ್ಮ ಕೊಳ್ಳಿ. ಹಳೆಯದರ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಅಷ್ಟೇ ದಪ್ಪದ್ದನ್ನು ಕೇಳಿ, ಸಾಮಾನ್ಯವಾಗಿ 0.5ರಿಂದ 0.8 ಮಿಲಿಮೀಟರ್ ಇರುತ್ತದೆ. ದಪ್ಪ ಹೆಚ್ಚಾದರೆ ಹಿಂಬಾಗಿಲು ಮುಚ್ಚುವಾಗ ಅಂಚು ಸಿಕ್ಕಿಕೊಳ್ಳುತ್ತದೆ. ಹಳೆಯ ಹೊದಿಕೆ ಇಡಿಯಾಗಿ ಬಂದರೆ ಸ್ಕ್ಯಾನ್ ಮಾಡಿ ಮಾದರಿ ತೆಗೆಯಿರಿ. ಚೂರಾಗಿದ್ದರೆ ಮೈಮೇಲೆ ತೆಳು ಕಾಗದ ಬಿಗಿಯಾಗಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಉಜ್ಜಿ, ಅಂಚುಗಳನ್ನು ಮೂಡಿಸಿಕೊಳ್ಳಿ. ಆ ಕಾಗದವನ್ನು ಕತ್ತರಿಸಿ, ಕೂರಿಸಿ, ತಿದ್ದಿ, ಸರಿಯೆನಿಸಿದ ಮೇಲೆ ರಟ್ಟಿಗೆ ವರ್ಗಾಯಿಸಿ. ಗೆರೆ ಹಾಕುವುದು ಚರ್ಮದ ಹಿಂಬದಿಗೆ, ಆದ್ದರಿಂದ ಮಾದರಿಯನ್ನು ಮಗುಚಿ ಇಡಲೇಬೇಕು. ಇಲ್ಲದಿದ್ದರೆ ಎಡದ ತುಂಡು ಬಲದ್ದಾಗಿ, ಇದ್ದ ಚರ್ಮವೂ ವ್ಯರ್ಥ. ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ. ದುಂಡು ರಂಧ್ರಗಳಿಗೆ ಚಮ್ಮಾರರ ಪಂಚ್ ಬಳಸಿ. ಕತ್ತರಿಸಿದ ಅಂಚಿಗೆ ಕಪ್ಪು ಮಾರ್ಕರ್ ಎಳೆಯದಿದ್ದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ತೆಗೆದ ಹಳೆಯ ಹೊದಿಕೆಯನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ ಕ್ಯಾಮೆರಾದ ಜೊತೆಗೇ ಇಡಿ. ಮುಂದಿನ ಒಡೆಯನಿಗೆ ಅದು ಬೇಕಾಗಬಹುದು.

ಮೇಣ, ಮತ್ತೆ ಕಪಾಟು

ಶುಚಿಯಾಗಿ ಪೂರ್ತಿ ಒಣಗಿದ ಚರ್ಮಕ್ಕೆ ಮೇಣವನ್ನು ಬಟ್ಟೆಯ ತುದಿಗೆ ಸೋಂಕಿಸಿಕೊಂಡು ತೆಳುವಾಗಿ ಸವರಿ. ಸುಕ್ಕುಗೆರೆಗಳಲ್ಲಿ ಬೆಳ್ಳಗೆ ಉಳಿಯದಂತೆ ಮೆತ್ತನೆ ಬ್ರಷ್ ಆಡಿಸಿ, ಕೆಲವು ನಿಮಿಷದ ನಂತರ ಒಣಬಟ್ಟೆಯಿಂದ ಉಜ್ಜಿ. ಮಿಂಚು ಬರಬಾರದು, ಕಪ್ಪು ತುಸು ಆಳವಾದರೆ ಸಾಕು.

ಚರ್ಮದ ಚೀಲದೊಳಗೆ ಕ್ಯಾಮೆರಾ ಇಟ್ಟು ಬೀರುವಿಗೆ ಸೇರಿಸುವುದು ನಮ್ಮಲ್ಲಿ ರೂಢಿ. ಆ ಚೀಲ ತೇವವನ್ನು ಹೀರಿ ಹಿಡಿದಿಡುತ್ತದೆ, ಲೆನ್ಸಿನ ಬೂಷ್ಟಿಗೂ ಚರ್ಮದ ಬೂಷ್ಟಿಗೂ ಅದೇ ತವರು. ಚೀಲವನ್ನು ಬೇರೆ ಇಡಿ. ನುಸಿಗುಳಿಗೆಯನ್ನೂ ಹತ್ತಿರ ಇಡಬೇಡಿ, ಅದರ ಆವಿ ಗಾಜಿನ ಮೇಲೂ ಲೋಹದ ಮೇಲೂ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲೊಂದು ಅಗ್ಗದ ಆರ್ದ್ರತಾ ಮಾಪಕ, ತೇವ ಹೀರುವ ಸಿಲಿಕಾ ಜೆಲ್ ಹರಳು ಇಷ್ಟಿದ್ದರೆ ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ತಾನೇ ಹತೋಟಿಯಲ್ಲಿಡುವ ವಿದ್ಯುತ್ ಕಪಾಟು) ಕೊಳ್ಳಲಾಗದವರಿಗೂ ಸಾಕು. ಮಾಪಕ ಶೇಕಡ 40ರಿಂದ 50ರ ನಡುವೆ ನಿಲ್ಲಬೇಕು. ಅದಕ್ಕಿಂತ ತೀರ ಕೆಳಗಿಳಿದರೆ ಚರ್ಮ ಒಣಗಿ ಅಂಚು ಏಳುತ್ತದೆ, ಆಗ ಜೆಲ್‌ನ ಅರ್ಧವನ್ನು ಹೊರಗೆ ತೆಗೆಯಿರಿ. ಶೇಕಡ 60 ದಾಟಿದರೆ ಜೆಲ್ ತುಂಬಿದೆ, ಓವನ್ನಿನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಪಕ ನೋಡಿ, ತಿಂಗಳಿಗೊಮ್ಮೆ ಕ್ಯಾಮೆರಾ ಹೊರತೆಗೆದು, ಶಟರ್ ನಾಲ್ಕಾರು ಸಲ ಒತ್ತಿ, ಅಂಚುಗಳ ಮೇಲೆ ಬೆರಳಾಡಿಸಿ. ಎಲ್ಲಾದರೂ ಏಳುತ್ತಿದ್ದರೆ ಅಂದೇ ಒಂದು ಹನಿ ಅರಗು ಹಾಕಿ ಒತ್ತಿಬಿಡಿ.